ಯುದ್ಧದ ಹಾಡು ನುಡಿಸದ ಮಾಬುಸಾಬರು

ಎಂಥ ಕೆಟ್ಟ ಹಾಡಾದರೂ ಮಾಬುಸಾಬರು ಅದನ್ನು ಅರ್ಧಕ್ಕೆ ನಿಲ್ಲಿಸಿ ಎನ್ನುತ್ತಿರಲಿಲ್ಲ. ಕೆಟ್ಟದಾಗಿದ್ದಷ್ಟೂ ಹೆಚ್ಚು ಗಮನ ಕೊಟ್ಟು ಕೇಳುತ್ತಿದ್ದರು. ಕಣ್ಣು ಮುಚ್ಚಿ, ಎಡಗಿವಿಯನ್ನು ಸ್ವಲ್ಪ ಮುಂದೆ ಮಾಡಿ ಕೂತು, ಕೊನೆಯ ತಾಳ ಬಿದ್ದ ಮೇಲೆ ಕಣ್ಣು ತೆರೆದು "ಮುಗೀತೇನು?" ಎನ್ನುತ್ತಿದ್ದರು. ಆಮೇಲೆ ಒಂದೇ ಒಂದು ಪ್ರಶ್ನೆ. ಆ ಪ್ರಶ್ನೆ ಕೇಳಿದ ಮೇಲೆ ಆ ಹಾಡನ್ನು ಮೊದಲಿನ ಹಾಗೆ ಕೇಳುವುದು ನಮ್ಮಿಂದ ಆಗುತ್ತಿರಲಿಲ್ಲ.

ಒಮ್ಮೆ ಕುರುಗೋಡು ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಟಿವಿಯ ಮುಂದೆ ಕೂತಿದ್ದೆವು. ಯಾವುದೋ ಸಿನಿಮಾದ ನಾಯಕ ಹಿಮದ ಬೆಟ್ಟದ ಮೇಲೆ ಮಿಲಿಟರಿ ಅಂಗಿಯ ತೋಳು ಮಡಚಿ, ಕಪ್ಪು ಕನ್ನಡಕ ಹಾಕಿಕೊಂಡು, ಒಂದು ಕೈಯಲ್ಲಿ ಬಾವುಟ, ಇನ್ನೊಂದು ಕೈಯಲ್ಲಿ ಮಷೀನ್‌ಗನ್ ಹಿಡಿದು ಹಾಡುತ್ತಿದ್ದ. ಅವನ ಹಿಂದೆ ಐವತ್ತು ಸಿಪಾಯಿಗಳು ಸಾಲಾಗಿ ಕುಣಿಯುತ್ತಿದ್ದರು. ಅಂಗಡಿಯಲ್ಲಿದ್ದವರ ಮೈ ಜುಮ್ಮೆಂದಿತ್ತು. ನನ್ನದೂ ಕೂಡ. ಹಾಡು ಮುಗಿಯಿತು. ಮಾಬುಸಾಬರು ಕಣ್ಣು ಬಿಟ್ಟರು.

"ಮುಗೀತೇನು? ಅಲ್ಲಪಾ, ಅಷ್ಟೂ ಮಂದಿ ಕುಣ್ಯಾಕ ಹತ್ತಿದ್ರ ಕಾವಲಿಗೆ ಯಾರು ನಿಂತಾರ?"

ಚಹಾದಂಗಡಿಯವನು ತನಗೇ ಬೈದ ಹಾಗೆ ಮುಖ ಮಾಡಿಕೊಂಡು ಚಾನೆಲ್ ಬದಲಿಸಿದ.

ಮಾಬುಸಾಬರು ಕುರುಗೋಡಿನವರೇ. ಅವರ ತಂದೆ ಮನೆಮನೆಗೆ ಹೋಗಿ ಹತ್ತಿ ಬಡಿದು ಗಾದಿ ತುಂಬುತ್ತಿದ್ದರು. ಸೋದರಮಾವನಿಂದ ಕ್ಲಾರಿನೆಟ್ ಕಲಿತ ಮಾಬುಸಾಬರು ಹತ್ತೊಂಬತ್ತನೆಯ ವಯಸ್ಸಿಗೆ ಮಿಲಿಟರಿಯ ಬ್ಯಾಂಡಿಗೆ ಸೇರಿ, ಹವಾಲ್ದಾರರಾಗಿ ಹೊರಬಂದು, ಬಳ್ಳಾರಿಯಲ್ಲಿ ಒಂದು ಕೋಣೆ ಹಿಡಿದು ಮದುವೆ ಬ್ಯಾಂಡ್ ಕಟ್ಟಿದ್ದರು. ದಿನಾ ಬೆಳಿಗ್ಗೆ ಕುರುಗೋಡಿನಿಂದ ಬಸ್ಸಿನಲ್ಲಿ ಹೋಗಿ ಸಂಜೆ ವಾಪಸಾಗುತ್ತಿದ್ದರು. ನಾನೂ ಅದೇ ಬಸ್ಸಿನಲ್ಲಿ ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಕ್ಕೆ ಹೋಗುತ್ತಿದ್ದೆ. ಒಂದು ದಿನ ಸೀಟಿನ ಕಂಬಿಯ ಮೇಲೆ ನಾನು ಬೆರಳಿನಿಂದ ತಾಳ ಹಾಕುತ್ತಿದ್ದಾಗ ಪಕ್ಕದಲ್ಲಿದ್ದ ಅವರು ನನ್ನ ಕೈ ಹಿಡಿದು ನಿಲ್ಲಿಸಿ, "ತಾಳ ಬಿಟ್ಟು ಓಡಾಕ ಹತ್ತಿ. ನಡಿ," ಎಂದರು. ಅವತ್ತಿನಿಂದ ಅವರು ನನಗೆ ಉಸ್ತಾದರು. ಎರಡು ತಿಂಗಳಲ್ಲಿ ಜೀನ್ಸ್ ಬಿಟ್ಟು ಅವರ ಕೆಂಪು ಕೋಟು ಹಾಕಿಕೊಂಡೆ.

ಮಿಲಿಟರಿಯ ಬ್ಯಾಂಡಿನವರಿಗೆ ಎರಡು ಕೆಲಸ ಎಂಬುದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಸಾಮಾನ್ಯ ದಿನಗಳಲ್ಲಿ ವಾದ್ಯ ನುಡಿಸಬೇಕು. ಯುದ್ಧ ಬಂದರೆ ವಾದ್ಯಗಳನ್ನು ಪೆಟ್ಟಿಗೆಗೆ ಹಾಕಿ, ಗಾಯಗೊಂಡವರನ್ನು ಸ್ಟ್ರೆಚರಿನ ಮೇಲೆ ಹಾಕಿಕೊಂಡು ಹೊರಬೇಕು. ಇದನ್ನು ಹೇಳಿದ್ದು ಅವರ ಹೆಂಡತಿ ಹುಸೇನಬಿ. "ಗುಡ್ಡದ ಮ್ಯಾಲಿಂದ ಹೊತ್ತು ಇಳಿಸ್ಯಾರಂತ. ಎಡಗಡಿ ಭುಜ ಇನ್ನೂ ಬಾತಿರತೈತಿ, ಚಳಿಗಾಲಕ್ಕ ಎಣ್ಣಿ ಹಚ್ಚತೀನಿ," ಎಂದಿದ್ದರು. ಮಾಬುಸಾಬರು ಈ ವಿಷಯ ಎತ್ತಿದವರೇ ಅಲ್ಲ. ಕೇಳಿದರೆ, "ಭಾರ ಹೊರೋದು ಹಮಾಲರ ಕೆಲಸ. ಅದರಾಗೇನೈತಿ?" ಎನ್ನುತ್ತಿದ್ದರು.

ಆಗಸ್ಟ್ ತಿಂಗಳು ಬಂತೆಂದರೆ ಶಾಲೆಗಳಿಂದ ಕರೆ ಬರುತ್ತಿತ್ತು, ಮಾಜಿ ಯೋಧರು ಮುಖ್ಯ ಅತಿಥಿಗಳಾಗಿ ಬರಬೇಕು ಎಂದು. ಅವರು ಹೋಗುತ್ತಿದ್ದದ್ದು ಮಕ್ಕಳ ಡ್ರಮ್ಮಿನ ತಾಳ ಸರಿಮಾಡಲು. ವೇದಿಕೆ ಎಂದರೆ ಆಗುತ್ತಿರಲಿಲ್ಲ. ಒಂದು ವರ್ಷ ಒಂದು ಶಾಲೆಯ ಹೆಡ್ಮಾಸ್ತರರು ಬಿಡಲೇ ಇಲ್ಲ. ಮಕ್ಕಳು ಮೈಮೇಲೆ ಚಿರತೆ ಬಣ್ಣದ ಮಿಲಿಟರಿ ಅಂಗಿ ಹಾಕಿಕೊಂಡು, ಪ್ಲಾಸ್ಟಿಕ್ ಬಂದೂಕು ಹಿಡಿದು ಸಿನಿಮಾ ಹಾಡಿಗೆ ಕುಣಿದು, ಕೊನೆಗೆ ಸತ್ತಂತೆ ನೆಲಕ್ಕೆ ಬಿದ್ದು, ಚಪ್ಪಾಳೆ ಬಿದ್ದ ಕೂಡಲೇ ಎದ್ದು ನಗುತ್ತ ಓಡಿದ್ದರು. "ಯುದ್ಧದ ಬಗ್ಗೆ ಮಕ್ಕಳಿಗೆ ಸ್ಫೂರ್ತಿ ತುಂಬುವ ಎರಡು ಮಾತು ಹೇಳ್ರಿ," ಎಂದು ಹೆಡ್ಮಾಸ್ತರರು ಮೈಕು ಕೊಟ್ಟರು. ಮಾಬುಸಾಬರು ಎದ್ದು ನಿಂತರು.

"ಎರಡು ಜೊತಿ ಸಾಕ್ಸ್ ಇಟ್ಕೋಬೇಕು," ಎಂದರು. "ಒಂದು ಹಸಿ ಆದ್ರ ಇನ್ನೊಂದು ಹಾಕ್ಕೋಬೇಕು."

ಮೈಕು ವಾಪಸ್ ಕೊಟ್ಟು ಕೂತರು. ಆಮೇಲೆ ಆ ಶಾಲೆಯವರು ಕರೆಯಲಿಲ್ಲ.

ಅವರು ಯಾರನ್ನೂ ಗಟ್ಟಿದನಿಯಲ್ಲಿ ಬೈದದ್ದು ನಾನು ಕೇಳಿಲ್ಲ. ಅವರ ತಿರಸ್ಕಾರ ಸಣ್ಣ ದನಿಯದು, ಲೆಕ್ಕಾಚಾರದ್ದು. ಯುದ್ಧದ ಹಾಡಿನ ತಾಳ ಎಣಿಸುತ್ತಿದ್ದರು. "ಸಿಪಾಯಿ ನಿಮಿಷಕ್ಕ ನೂರಾ ಇಪ್ಪತ್ತು ಹೆಜ್ಜಿ ಹಾಕ್ತಾನ. ಈ ಹಾಡಿಗೆ ನಡದ್ರ ಒಂದು ಮೈಲಿಗೆ ಎಲ್ಲಾರೂ ಬಿದ್ದಿರ್ತಾರ." ಟಿವಿಯಲ್ಲಿ ಕೋಟು ಹಾಕಿಕೊಂಡವರು ಯುದ್ಧ ಆಗಲೇಬೇಕು ಎಂದು ಚೀರಾಡುತ್ತಿದ್ದರೆ ಮಾಬುಸಾಬರು ಅವರ ಹೊಟ್ಟೆ ನೋಡುತ್ತಿದ್ದರು. "ಈತನ್ನ ಹೊರಾಕ ಆರು ಮಂದಿ ಬೇಕು," ಎಂದು ಒಬ್ಬ ದಪ್ಪ ಮನುಷ್ಯನನ್ನು ನೋಡಿ ಹೇಳಿದ್ದರು. ನಾವು ನಕ್ಕೆವು. ಅವರು ನಗಲಿಲ್ಲ. ನಿಜವಾಗಿಯೂ ತೂಕ ಅಂದಾಜು ಮಾಡುತ್ತಿದ್ದರು ಅಂತ ಆಮೇಲೆ ಅನ್ನಿಸಿತು.

ನಮ್ಮ ಬ್ಯಾಂಡು ದೇವರ ಹಾಡು, ಪ್ರೇಮದ ಹಾಡು, ತೆಲುಗಿನ ಕುಣಿತದ ಹಾಡು ಎಲ್ಲವನ್ನೂ ನುಡಿಸುತ್ತಿತ್ತು. ಯುದ್ಧದ ಹಾಡು ಮಾತ್ರ ಇಲ್ಲ. ಅದಕ್ಕಾಗಿ ಎಷ್ಟೋ ಮದುವೆ ಬಿಟ್ಟಿದ್ದೆವು. ಸಿರುಗುಪ್ಪದ ಒಂದು ಮದುವೆಯನ್ನು ಬಿಟ್ಟಿದ್ದರೆ ಚೆನ್ನಾಗಿತ್ತು.

ಅದು ಅಕ್ಕಿ ಗಿರಣಿಯವರ ಮನೆಯ ಮದುವೆ. ಮದುಮಗ ತೆರೆದ ಜೀಪಿನಲ್ಲಿ ಮಿಲಿಟರಿ ಡ್ರೆಸ್ಸು ಹಾಕಿಕೊಂಡು ನಿಂತಿದ್ದ, ಪಕ್ಕದಲ್ಲಿ ಮದುಮಗಳು ಜರಿಸೀರೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಜೀಪಿನ ಸುತ್ತ ಅವನ ಗೆಳೆಯರು ಎಂಟು ಮಂದಿ ಬಾಡಿಗೆಯ ಮಿಲಿಟರಿ ಬಟ್ಟೆಯಲ್ಲಿ, ಹೊಗೆ ಬಿಡುವ ಆಟದ ಬಂದೂಕು ಹಿಡಿದು ನಡೆಯುತ್ತಿದ್ದರು. ನಮಗೂ ಅದೇ ಬಟ್ಟೆ ತಂದಿಟ್ಟಿದ್ದರು. "ನಮಗ ನಮ್ಮ ಕೆಂಪು ಕೋಟು ಸಾಕ್ರಿ," ಎಂದರು ಮಾಬುಸಾಬರು.

ಮೆರವಣಿಗೆ ಗಾಂಧಿ ಚೌಕದ ಹತ್ತಿರ ಬಂದಾಗ ಮದುಮಗನ ಸೋದರಮಾವ ನಮ್ಮ ಮುಂದೆ ಬಂದು ನಿಂತ. "ಸಾಬ್ರೇ, ನೀವು ಮಿಲ್ಟ್ರಿಯಾಗಿದ್ದವ್ರಂತ. ಒಂದು ವಾರ್ ಸಾಂಗ್ ಹೊಡೀರಿ, ಮಂದಿ ರಕ್ತ ಕುದೀಬೇಕು."

"ಅದು ನಮಗ ಬರಂಗಿಲ್ರಿ."

"ಬರಂಗಿಲ್ಲ ಅಂದ್ರ? ಮಿಲ್ಟ್ರಿಯಾಗ ಏನು ಭಜನಿ ಊದ್ತಿದ್ರೇನು?" ಸುತ್ತಲಿದ್ದವರು ನಕ್ಕರು. ಅವನು ಹಿಂದೆ ತಿರುಗಿ, "ಮಿಲ್ಟ್ರಿಯವ್ರು ಅಂತ ಸುಳ್ಳ ಹೇಳ್ಯಾರಲೇ ಇವ್ರು," ಎಂದ.

ಮಾಬುಸಾಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕ್ಲಾರಿನೆಟ್ಟನ್ನು ನನ್ನ ಕೈಗೆ ಕೊಟ್ಟು, ಪಕ್ಕದವನ ಟ್ರಂಪೆಟ್ ತೆಗೆದುಕೊಂಡರು. ಅದರ ಮೂತಿ ಒರೆಸಿ, ಬೆನ್ನು ನೆಟ್ಟಗೆ ಮಾಡಿ, ಹಿಮ್ಮಡಿ ಕೂಡಿಸಿ ನಿಂತು ಊದಿದರು. ನಾನು ಅದುವರೆಗೆ ಕೇಳಿರದ ಸ್ವರಗಳು. ನಿಧಾನವಾಗಿ ಒಂದೊಂದೇ ಏರಿ, ಉದ್ದಕ್ಕೆ ನಿಂತು, ನಡುವೆ ಖಾಲಿ ಬಿಟ್ಟು ಮತ್ತೆ ಏರುತ್ತಿದ್ದವು. ಗದ್ದಲ ಅರೆಗಳಿಗೆ ನಿಂತಿತು. ಆಮೇಲೆ ಯಾರೋ ಜೈಕಾರ ಹಾಕಿದರು. ಎಂಟು ಬಂದೂಕುಗಳು ಮೇಲೆದ್ದವು. ಜನ ಆ ಸ್ವರಗಳಿಗೇ ತೋಳು ಬೀಸುತ್ತ, ಸೊಂಟ ತಿರುಗಿಸುತ್ತ ಕುಣಿಯತೊಡಗಿದರು. ಸೋದರಮಾವ ಜೀಪಿನಿಂದ ಒಂದು ಹಾರ ಕಿತ್ತು ತಂದು ಮಾಬುಸಾಬರ ಕೊರಳಿಗೆ ಹಾಕಿ, "ಇದು ನೋಡು ಮಿಲ್ಟ್ರಿ ಅಂದ್ರ," ಎಂದ.

ವಾಪಸು ಬರುವಾಗ ಟೆಂಪೋದಲ್ಲಿ ಕೇಳಿದೆ, "ಅದು ಯಾವ ಹಾಡ್ರಿ ಉಸ್ತಾದ?"

"ಹಾಡಲ್ಲ. ಹೆಣಕ್ಕ ಊದೋದು. ಸಿಪಾಯಿ ಹೆಣ ಇಳಿಸಿ, ಮಣ್ಣಿಗಿಡೋ ಮುಂದ."

"ಕುಣಿದ್ರಲ್ಲಲೇ," ಎಂದು ಅವರು ಒಮ್ಮೆ ನಕ್ಕರು. ನಾನು ಕೇಳಿದ ಅತ್ಯಂತ ಕೆಟ್ಟ ನಗೆ ಅದು. ತೆಕ್ಕಲಕೋಟೆ ದಾಟುವ ಹೊತ್ತಿಗೆ ನಗೆ ಹೋಗಿತ್ತು. "ಆ ಹುಡುಗಿ ಜೀಪಿನಾಗ ಕುಂತಿದ್ಲು," ಎಂದರು. "ಮದ್ವಿ ದಿನ. ಅಕಿ ನನಗೇನು ಮಾಡಿದ್ಲು? ಆ ಮಳ್ಳನ ಮ್ಯಾಲಿನ ಸಿಟ್ಟಿಗೆ ಅಕಿ ಮುಂದ ಅದನ್ನ ಊದಿದ್ನೆಲ್ಲ." ಆಮೇಲೆ ಒಂದು ವರ್ಷದವರೆಗೂ ಆಗಾಗ, ಸಿರುಗುಪ್ಪದ ಕಡೆಯವರು ಯಾರಾದರೂ ಸಿಕ್ಕರೆ, ಗಿರಣಿಯವರ ಸೊಸೆ ಹೇಗಿದ್ದಾಳೆ ಎಂದು ವಿಚಾರಿಸುತ್ತಿದ್ದರು. ಅವಳಿಗೆ ಹೆಣ್ಣುಮಗು ಆಯಿತು, ತಾಯಿ ಮಗು ಆರಾಮಿದ್ದಾರೆ ಎಂದು ಗೊತ್ತಾದ ದಿನ ನಮಗೆಲ್ಲ ಚಹಾ ಕುಡಿಸಿದರು. ಯಾಕೆಂದು ಹೇಳಲಿಲ್ಲ.

ಡಿಜೆ ಬಂದು ಬ್ಯಾಂಡುಗಳನ್ನು ನುಂಗಿತು. ನಾನು ಮಾಬುಸಾಬರನ್ನು ಬಿಟ್ಟು, ಗೆಳೆಯನೊಬ್ಬನ ಜೊತೆ ಬಳ್ಳಾರಿಯ ಗಾಂಧಿನಗರದಲ್ಲಿ ಝೆರಾಕ್ಸ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಮಾಡಿದೆ. ಮೊಬೈಲಿನಲ್ಲಿ ಓಡುವಂಥ ಹಾಡು ಬರೆದು, ರಾಗ ಹಾಕಿ, ಹಾಡಿಸಿ ಬಿಡುವ ದಂಧೆ. ಅತ್ತೆಮಗಳ ಮೇಲೆ, ಟ್ರ್ಯಾಕ್ಟರಿನ ಮೇಲೆ, ಕುಡುಕ ಗಂಡನ ಮೇಲೆ ಬರೆದೆ. ಯಾವುದೂ ಅಷ್ಟಾಗಿ ಓಡಲಿಲ್ಲ.

ಆಗ ಕರೂರಿನ ಸಿಪಾಯಿ ಈರಣ್ಣ ಸತ್ತ ಸುದ್ದಿ ಬಂತು. ಗಡಿಯ ಕಡೆ ಸಿಪಾಯಿಗಳನ್ನು ಒಯ್ಯುತ್ತಿದ್ದ ಗಾಡಿ ರಸ್ತೆಯಿಂದ ಜಾರಿ ಕಣಿವೆಗೆ ಉರುಳಿತ್ತು. ಸುದ್ದಿ ಬಂದದ್ದು ಬೆಳಿಗ್ಗೆ. ಮಧ್ಯಾಹ್ನಕ್ಕೆ ನಾನು ಹಾಡು ಬರೆದು ಮುಗಿಸಿದ್ದೆ. ಶವ ಊರಿಗೆ ಬರುವ ಮೊದಲೇ ಹಾಡು ಜನರ ಮೊಬೈಲಿಗೆ ಬಂದಿತ್ತು. ಗಾಡಿ ಉರುಳಿ ಸತ್ತವನ ಮೇಲೆ ಹಾಡು ಕಟ್ಟಿದರೆ ಯಾರು ಕೇಳುತ್ತಾರೆ? ಅದಕ್ಕೆ ನನ್ನ ಹಾಡಿನಲ್ಲಿ ಅವನನ್ನು ಗುಂಡಿಗೆ ಎದೆಯೊಡ್ಡಿಸಿ, ಹತ್ತು ವೈರಿಗಳನ್ನು ಕೊಲ್ಲಿಸಿ ಸಾಯಿಸಿದೆ. ಸಾಯುವ ಮುಂದೆ ಅವನು ತಾಯಿಗೆ ಹೇಳುವ ಮಾತೇ ಪಲ್ಲವಿ:

"ಅವ್ವಾ ನೀ ಅಳಬ್ಯಾಡ, ಗಡಿಯಾಗ ಮಲಗೀನಿ,
ಬಂದೂಕು ಬಿದ್ದೈತಿ, ತಮ್ಮನ್ನ ಕಳಿಸವ್ವಾ."

ಹಾಡು ಹುಚ್ಚೆದ್ದು ಓಡಿತು. ಆಟೋಗಳಲ್ಲಿ, ಗಣಪತಿ ಮೆರವಣಿಗೆಯಲ್ಲಿ, ಭತ್ತ ಕೊಯ್ಯುವ ಯಂತ್ರಗಳ ಮೇಲೆ ಅದೇ. ನನ್ನನ್ನು ನೋಡಿದರೆ ಜನ ಎದೆ ಮುಟ್ಟಿಕೊಳ್ಳುತ್ತಿದ್ದರು. ಒಂದು ಸಂಘದವರು ಶಾಲು ಹೊದಿಸಿದರು. ಶಾಲು ಹೊದಿಸಿಕೊಳ್ಳುವಾಗ ನಾನೇ ಗಡಿಯಿಂದ ಬಂದವನ ಹಾಗೆ ಗದ್ದ ಎತ್ತಿದ್ದೆ. ಆ ಫೋಟೋ ಈಗಲೂ ಇದೆ.

ಮಾಬುಸಾಬರು ಒಂದು ದಿನ ಮೆಟ್ಟಿಲು ಹತ್ತಿಕೊಂಡು ಸ್ಟುಡಿಯೋಕ್ಕೆ ಬಂದರು. "ಎಲ್ಲಾರೂ ನಿಂದ ಹೇಳ್ತಾರ. ಕೇಳಸು," ಎಂದರು. ದೊಡ್ಡ ಸ್ಪೀಕರಿನಲ್ಲಿ ಹಾಕಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಮುಗೀತೇನು? ಈ ಮಾತು ಅವ ಯಾರ ಮುಂದ ಹೇಳಿದ?"

"ಹಾಡಿನಾಗ ಹಂಗ ಇರತೈತ್ರಿ ಉಸ್ತಾದ. ಕೇಳಿದವ್ರಿಗೆ ಧೈರ್ಯ ಬರತೈತಿ."

"ನಿನಗ ಬಂತೇನು? ಹೊಂಟಿಯೇನು ನೀ?"

ಅವರು ಚಪ್ಪಲಿ ಮೆಟ್ಟುತ್ತ, ಬಾಗಿಲಿನಲ್ಲಿ ನಿಂತು ಹೇಳಿದರು, "ಸತ್ತಾಂವ ಎದ್ದು ಬಂದು ಕೇಳಂಗಿಲ್ಲಂತ ಅವನ ಬಾಯಾಗ ನಿನ್ನ ಮಾತು ತುರುಕಿದಿ. ಮೊದ್ಲ ನೀ ಛಲೋ ಹೊಲಿತಿದ್ದಿ, ಪಂಪಾಪತಿ. ಜೀನ್ಸ್ ಹೊಲಕೊಂಡರ ಇರಬೇಕಾಗಿತ್ತು."

ಅವರು ಮೆಟ್ಟಿಲು ಇಳಿಯುತ್ತಿರುವಾಗಲೇ ನಾನು ಗೆಳೆಯನಿಗೆ, ಅವರಿಗೆ ಕೇಳಲಿ ಎಂದೇ, "ಬ್ಯಾಂಡ್ ಮುಚ್ಚಿದ ಹೊಟ್ಟಿಕಿಚ್ಚು," ಎಂದೆ. ಚಪ್ಪಲಿಯ ಸದ್ದು ಒಂದು ಕ್ಷಣ ನಿಂತು ಮತ್ತೆ ಮುಂದುವರಿಯಿತು. ನಾಲ್ಕು ತಿಂಗಳು ನಮ್ಮ ನಡುವೆ ಮಾತಿರಲಿಲ್ಲ.

ಒಂದು ಮಧ್ಯಾಹ್ನ ಐವತ್ತು ದಾಟಿದ ಹೆಂಗಸೊಬ್ಬರು ಸ್ಟುಡಿಯೋದ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಒಂದು ಬಟ್ಟೆಯ ಚೀಲ. "ಈರಣ್ಣನ ಹಾಡು ಮಾಡಿದಾಂವ ನೀನೇನಪಾ? ನಾ ಅವನ ಅವ್ವ," ಎಂದರು. ಅವರ ಹೆಸರು ಹುಲಿಗೆಮ್ಮ. ಕರೂರಿನಿಂದ ಎರಡು ಬಸ್ಸು ಬದಲಿಸಿ, ಕೇಳುತ್ತ ಕೇಳುತ್ತ ಬಂದಿದ್ದರು. ಕುರ್ಚಿ ಕೊಟ್ಟರೂ ನೆಲದ ಮೇಲೆಯೇ ಕೂತರು.

"ನೀ ಅವನ ಸಂಗಾಟ ಇದ್ದೇನು?"

"ಇಲ್ರವ್ವ."

"ಹಂಗಾದ್ರ ಅಲ್ಲಿದ್ದವ್ರು ಯಾರರ ನಿನಗ ಹೇಳಿರಬೇಕು. ಮಿಲ್ಟ್ರಿಯವ್ರು ನಮಗ, ಬಿದ್ದ ಗಳಿಗಿನಾಗ ಜೀವ ಹೋಗೇತಿ, ಏನೂ ಮಾತಾಡಿಲ್ಲ ಅಂದಿದ್ರು. ಗುಂಡಿಂದು ಬಿಡು, ಹಾಡಿಗೆ ಕೂಡಿಸಿರ್ತಿ, ಆದ್ರ ಹಾಡಿನಾಗ ನೋಡಿದ್ರ ಮಾತಾಡ್ಯಾನ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಸಣ್ಣಾಂವ ಸೋಮ ಐದಾನ. ಅಣ್ಣ ಕರದಾನ, ನಾನೂ ಹೊಕ್ಕೀನಿ ಅಂತ ದಿನಾ ಹಾಡು ಹಚ್ಚತಾನ. ನನಗ ಮನಸ್ಸಿಲ್ಲ. ಆದ್ರ ಈರಣ್ಣ ಖರೇನ ಹಂಗ ಅಂದಿದ್ರ ನಾ ಹ್ಯಾಂಗ ತಡೀಲಿ? ಅದಕ ಕೇಳಾಕ ಬಂದೆ. ಅವ ಖರೇನ ಅಂದಾನೇನು?"

ಇಲ್ಲ ಎನ್ನಲು ಎರಡು ಅಕ್ಷರ ಸಾಕಿತ್ತು. ನನ್ನ ಹಿಂದಿನ ಗೋಡೆಯ ಮೇಲೆ ಶಾಲು ಹೊದ್ದ ಫೋಟೋ ಇತ್ತು. "ಯಾರೋ ಹೇಳಿದ್ರವ್ವ," ಎಂದೆ.

ಅವರು ತಲೆಯಾಡಿಸಿದರು. "ಆತು. ಕಳಸ್ತೀನಿ," ಎಂದರು. ಏಳುವಾಗ ಚೀಲವನ್ನು ನನ್ನ ಮುಂದೆ ಇಟ್ಟರು. ಅದರಲ್ಲಿ ಹೊಸ ಅಕ್ಕಿ ಇತ್ತು. "ನನ್ನ ಮಗನ ಮಾತು ನನಗ ಮುಟ್ಟಿಸಿದಿ. ಉಣ್ಣಪಾ."

ಅವತ್ತು ಸಂಜೆ ಕುರುಗೋಡಿಗೆ ಹೋದೆ. ಮಾಬುಸಾಬರು ಮನೆಯ ಮುಂದೆ ಹೊರಸಿನ ಮೇಲೆ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಅಕ್ಕಿ ಉಂಡ್ಯೇನು?" ಎಂದರು.

"ಇಲ್ರಿ."

"ನಾಳಿಗೆ ಮುಂಜಾನಿ ಬಸ್‌ಸ್ಟ್ಯಾಂಡಿಗೆ ಬಾ. ನಾನೂ ಬರ್ತೀನಿ. ನೀ ಒಬ್ಬಾಂವ ಹೋದ್ರ ಅಲ್ಲೂ ಹಾಡು ಹೇಳಿ ಬರ್ತಿ."

ಕರೂರಿನಲ್ಲಿ ಹುಲಿಗೆಮ್ಮನ ಮನೆ ಕಾಲುವೆಯ ದಂಡೆಗೆ ಹತ್ತಿರ. ಅವರು ಗದ್ದೆಗೆ ಕೂಲಿಗೆ ಹೊರಟಿದ್ದವರು ನಮ್ಮನ್ನು ನೋಡಿ ಬುತ್ತಿ ಇಳಿಸಿದರು. ಸೋಮನೂ ಮನೆಯಲ್ಲಿದ್ದ. ಇಪ್ಪತ್ತರ ಹುಡುಗ, ಮಿಲಿಟರಿ ಭರ್ತಿಗೆಂದು ಓಡಿ ಬಂದ ಬೆವರು ಇನ್ನೂ ಆರಿರಲಿಲ್ಲ. ನನ್ನ ಕೈ ಕುಲುಕಲು ಮುಂದೆ ಬಂದ. ನಾನು ಕೈ ಕೊಡಲಿಲ್ಲ.

"ಅವ್ವ, ನಿನ್ನೆ ನಾ ಸುಳ್ಳ ಹೇಳೀನಿ," ಎಂದೆ. "ಆ ಮಾತು ಯಾರೂ ಹೇಳಿಲ್ಲ. ನಾ ಕೂತು ಬರದಿದ್ದು. ಮಂದಿ ಕೇಳಲಿ ಅಂತ ಬರದಿದ್ದು."

ಹುಲಿಗೆಮ್ಮ ನನ್ನನ್ನೇ ನೋಡುತ್ತಿದ್ದರು. ಅವರು ಕೂಗಾಡಬಹುದು, ಹೊಡೆಯಬಹುದು ಎಂದುಕೊಂಡಿದ್ದೆ. ಅವರು "ಹಂಗಾದ್ರ ಅವ ಏನೂ ಅಂದಿಲ್ಲ," ಎಂದರು. ಅಲ್ಲಿಯವರೆಗೆ ಅವರ ಬಳಿ ಮಗನ ಒಂದು ಮಾತಾದರೂ ಇತ್ತು. ಅದನ್ನು ನಾನು ಕೊಟ್ಟಿದ್ದೆ, ಈಗ ನಾನೇ ಕಿತ್ತುಕೊಂಡಿದ್ದೆ.

ಮಾಬುಸಾಬರು ಕಟ್ಟೆಯ ಮೇಲೆ ಕೂತು ತಾವು ಯಾರು, ಮಿಲಿಟರಿಯಲ್ಲಿ ಏನು ಮಾಡುತ್ತಿದ್ದರು ಎಂದು ಎರಡು ಮಾತಿನಲ್ಲಿ ಹೇಳಿದರು. ಸ್ಟ್ರೆಚರಿನ ವಿಷಯ ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

"ಅವ್ರು ಏನಂತಿದ್ರಪಾ, ನೀ ಹೊತ್ತವ್ರು?" ಎಂದು ಹುಲಿಗೆಮ್ಮ ಕೇಳಿದರು.

"ನೀರು ಕೇಳ್ತಿದ್ರವ್ವ. ಥಂಡಿ ಅಂತಿದ್ರು. ಬಾಳ ಮಂದಿ ಅವ್ವನ್ನ ಕರೀತಿದ್ರು. ದೇಶದ ಮಾತು ಯಾರೂ ಆಡಿದ್ದು ನನಗ ನೆನಪಿಲ್ಲ."

"ಇವನೂ ಕರದಿರ್ತಾನೇನು ನನ್ನ?"

ನಾನು ಮಾಬುಸಾಬರ ಮುಖ ನೋಡಿದೆ. ಒಂದು ಹೌದು ಸಾಕಿತ್ತು.

"ನಾ ಅಲ್ಲಿ ಇದ್ದಿಲ್ಲವ್ವ," ಎಂದರು ಅವರು. "ನಂಗ ಗೊತ್ತಿಲ್ಲ."

ಹುಲಿಗೆಮ್ಮ ಅಳಲಿಲ್ಲ. ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು. ಆಗ ಸೋಮ ಗೋಡೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದ. "ನಂಗ ಗೊತ್ತಿತ್ತು ಅದು ಸುಳ್ಳಂತ. ಅಣ್ಣ ಫೋನ್ ಮಾಡಿದಾಗೆಲ್ಲ ನೀ ಬರಬ್ಯಾಡಲೇ ಅಂತಿದ್ದ. ಅವ್ವ ಬಿಡಂಗಿಲ್ಲಂತ ಹಾಡಿನ ಮಾತು ಹಿಡಕೊಂಡೆ."

ನನ್ನನ್ನು ನೋಡುವಾಗ ಮಾಬುಸಾಬರ ಮುಖದಲ್ಲಿ ಆ ಹಾಡು ಕೇಳಿದ ದಿನದಿಂದ ಇದ್ದ ಹೇಸಿಕೆ, ಆ ಹುಡುಗನನ್ನು ನೋಡುವಾಗ ಇರಲಿಲ್ಲ. "ಮಿಲ್ಟ್ರಿ ಕೆಟ್ಟ ಕೆಲಸ ಅಲ್ಲಪಾ," ಎಂದರು. "ನನಗ ಅನ್ನ ಹಾಕೇತಿ. ಹೋಗೋದಿದ್ರ ನಿನ್ನ ಬಾಯಿಲೆ ಅವ್ವನ್ನ ಕೇಳು. ಸತ್ತಾಂವನ ಹಿಂದ ಅಡಗಬ್ಯಾಡ."

ಸೋಮ ತಾಯಿಯ ಮುಂದೆ ಬಂದು ನಿಂತ. ಕೇಳಿದ. ಹುಲಿಗೆಮ್ಮ ಬುತ್ತಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡರು.

"ಬ್ಯಾಡ," ಎಂದರು. "ನನಗ ಬ್ಯಾಡ." ಗದ್ದೆಯ ದಾರಿ ಹಿಡಿದು ಹೋದರು. ಸೋಮ ಹಿಂದೆಯೇ ಹೋದ. ಈಗ ಅವನು ಸಿರುಗುಪ್ಪದಲ್ಲಿ ಭತ್ತ ಕೊಯ್ಯುವ ಯಂತ್ರ ಓಡಿಸುತ್ತಾನೆ, ಮದುವೆಯಾಗಿದೆ. ಎದುರಿಗೆ ಸಿಕ್ಕರೆ ನನ್ನನ್ನು ಮಾತಾಡಿಸುವುದಿಲ್ಲ.

ವಾಪಸು ಬರುವಾಗ ನನಗೆ ಮಾಬುಸಾಬರ ಮೇಲೆ ತಡೆಯಲಾರದ ಸಿಟ್ಟು ಬಂದಿತ್ತು. ಸಿರುಗುಪ್ಪ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಯೇಬಿಟ್ಟೆ. "ಕರದಿರ್ತಾನವ್ವ ಅಂತ ಒಂದು ಮಾತು ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ರಿ? ಆ ತಾಯಿಗೆ ಸಮಾಧಾನ ಆಗ್ತಿತ್ತು."

"ನೀನೂ ನಿನ್ನೆ ಒಂದ ಮಾತು ಅಂದಿದ್ದೆಲ್ಲ," ಎಂದರು ಅವರು.

ಸ್ಟುಡಿಯೋಕ್ಕೆ ಬಂದ ಕೂಡಲೇ ಆ ಹಾಡನ್ನು ತೆಗೆದುಹಾಕಿದೆ. ಅಷ್ಟರಲ್ಲಿ ಅದನ್ನು ಎಷ್ಟು ಜನ ಕದ್ದು, ದನಿ ಬದಲಿಸಿ, ತಮ್ಮ ಹೆಸರು ಹಾಕಿಕೊಂಡು ಬಿಟ್ಟಿದ್ದರೋ, ಇವತ್ತಿಗೂ ಓಡುತ್ತಿದೆ. ತೆಗೆದೆ ಎಂದು ಮಾಬುಸಾಬರಿಗೆ ಹೆಮ್ಮೆಯಿಂದ ಹೇಳಿದಾಗ ಅವರು, "ಅದಕ್ಕೂ ಶಾಲು ಹಾಕ್ತಾರೇನು ನೋಡು," ಎಂದರು. ನನ್ನನ್ನು ಅವರು ಕ್ಷಮಿಸಿದರು ಎಂದು ಹೇಳಲಾರೆ. ಮನೆಗೆ ಬಂದರೆ ಬೇಡ ಎನ್ನಲಿಲ್ಲ, ಅಷ್ಟೇ.

ಹೋದ ಚಳಿಗಾಲದಲ್ಲಿ ಮಾಬುಸಾಬರು ತೀರಿಕೊಂಡರು. ಉಸಿರಿನ ತೊಂದರೆ. ಮಣ್ಣಿಗೆ ಹಳೆಯ ಬ್ಯಾಂಡಿನವರು ನಾಲ್ಕು ಮಂದಿ ಬಂದಿದ್ದರು. ಯಾರೂ ಏನೂ ಊದಲಿಲ್ಲ. ಊದಬಾರದೆಂದು ಅವರು ಹೇಳಿಟ್ಟಿದ್ದರಂತೆ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ಹತ್ತು ದಿನ ಮೊದಲು. ಆಗ ಬೆಂಗಳೂರಿನ ಯಾರೋ ನನಗೆ ಹೊಸ ಕೆಲಸ ಹೇಳಿದ್ದರು. ಸುಳ್ಳು ಹಾಡುಗಳ ಕಾಲ ಮುಗಿಯಿತು, ಈಗ ಜನಕ್ಕೆ ನಿಜವಾದ ಯೋಧರ ನಿಜವಾದ ದನಿ ಬೇಕು, ಯಾರಾದರೂ ಗೊತ್ತಿದ್ದರೆ ಮಾತಾಡಿಸಿ ಕಳಿಸು ಎಂದಿದ್ದರು. ಮಾಬುಸಾಬರ ಮನೆಯ ಓಣಿಗೆ ತಿರುಗುವ ಮೊದಲೇ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಅವರ ನೆನಪಿಗೆ ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಅವರು ಎರಡು ದಿಂಬಿಗೆ ಒರಗಿ ಕೂತಿದ್ದರು. ಹುಸೇನಬಿ ಚಹಾ ತಂದಿಟ್ಟು ಒಳಗೆ ಹೋದರು. ಆರೋಗ್ಯ, ಔಷಧಿ, ಚಳಿ ಎಂದು ಸುತ್ತಾಡಿಸಿ ಕೊನೆಗೆ ಕೇಳಿದೆ. "ಉಸ್ತಾದ, ಅಲ್ಲಿ ಗುಡ್ಡದ ಮ್ಯಾಲೆ ಏನಾತು? ನೀವು ಒಮ್ಮಿನೂ ಹೇಳಲಿಲ್ಲ."

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಎದೆಯ ಕಡೆ ನೋಡಿದರು. ಒಂದು ಉಸಿರು ಎಳೆದುಕೊಂಡು, ಅದು ಪೂರ್ತಿ ಬರುವವರೆಗೆ ಕಾದು, ಎಂದಿನ ಸಣ್ಣ ದನಿಯಲ್ಲಿ ಹೇಳಿದರು, "ಜೇಬಿನಾಗಿಂದು ಬಂದ್ ಮಾಡು. ಚಹಾ ಆರತೈತಿ."

ಬಂದ್ ಮಾಡಿ ಮೊಬೈಲನ್ನು ಕಟ್ಟೆಯ ಮೇಲೆ ಮಗುಚಿ ಇಟ್ಟೆ. ಚಹಾ ಕುಡಿದೆ. ಆಮೇಲೆ ಅವರು ಒಂದು ತಾಸಿಗೂ ಹೆಚ್ಚು ಹೊತ್ತು, ನಡುನಡುವೆ ಉಸಿರಿಗೆ ನಿಲ್ಲುತ್ತ, ಎಲ್ಲವನ್ನೂ ಹೇಳಿದರು. ಹೆಸರುಗಳನ್ನು ಕೂಡ ಹೇಳಿದರು. ಅದನ್ನು ನಾನು ಬೆಂಗಳೂರಿನವರಿಗೆ ಕಳಿಸಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.